ಎಂಟು ನಿಮಿಷದ ರೋಗಿ

ಸಭಾಧ್ಯಕ್ಷರೇ, ಮುಖ್ಯ ಅತಿಥಿಗಳೇ, ಪ್ರಾಂಶುಪಾಲರೇ, ಹನ್ನೊಂದು ವರ್ಷಗಳಿಂದ ನನ್ನ ಹೊಟ್ಟೆ ಬೆನ್ನುಗಳನ್ನು ಒತ್ತಿಸಿ ತಟ್ಟಿಸಿ ಪಾಠ ಹೇಳಿದ ಅಧ್ಯಾಪಕರೇ, ಇಂದು ಸ್ನಾತಕೋತ್ತರ ಪದವಿ ಪಡೆಯುತ್ತಿರುವ ಮೂವತ್ತೊಂದು ನರ್ಸಮ್ಮಂದಿರೇ, ಅವರ ನಡುವೆ ಸಿಕ್ಕಿಕೊಂಡಿರುವ ಇಬ್ಬರು ನರ್ಸಪ್ಪಂದಿರೇ, ಊಟದ ಹಾಲಿನ ಬಾಗಿಲ ಕಡೆಗೇ ಕುರ್ಚಿ ತಿರುಗಿಸಿಕೊಂಡು ಕುಳಿತಿರುವ ಸಭಿಕರೇ.

ನನ್ನನ್ನು ಸನ್ಮಾನಿಸಿದ್ದಕ್ಕೆ ಸಂತೋಷ. ಆರೋಗ್ಯವಾಗಿದ್ದಕ್ಕೆ ಸನ್ಮಾನ ಪಡೆದವರು ಇರಬಹುದು. ಕಾಯಿಲೆ ಬಿದ್ದದ್ದಕ್ಕೆ, ಅದೂ ಸುಳ್ಳು ಕಾಯಿಲೆ ಬಿದ್ದದ್ದಕ್ಕೆ ಸನ್ಮಾನ ಪಡೆದವನು ಬಹುಶಃ ನಾನೊಬ್ಬನೇ. ಪ್ರಾಂಶುಪಾಲರು ಮೊನ್ನೆ ನನ್ನನ್ನು ಕರೆದು, "ಐದು ನಿಮಿಷ ತಮಾಷೆಯಾಗಿ ಮಾತಾಡಿ, ಆದ್ರೆ ಆ ವಿಷಯ ಮಾತ್ರ ಬೇಡ" ಎಂದರು. ನಾನು ಆಗಲಿ ಎಂದೆ. ಆಗಲಿ ಎಂದದ್ದು ತಮಾಷೆಗೆ. ಆ ವಿಷಯಕ್ಕೆ ನಾನು ಏನನ್ನೂ ಅಂದಿರಲಿಲ್ಲ.

ಆ ವಿಷಯ ಎಂದರೆ ಒಬ್ಬ ವಿದ್ಯಾರ್ಥಿನಿಯ ಅಂಕ. ಅದನ್ನು ತಿದ್ದಬೇಕು ಎಂದು ಮೂರು ಸಲ ಬರೆದುಕೊಟ್ಟಿದ್ದೇನೆ. ಮೂರು ಸಲವೂ "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬಂತು. ನಾನು ನೀರು ಸರಬರಾಜು ಕಚೇರಿಯಲ್ಲಿ ಮೂವತ್ತಮೂರು ವರ್ಷ ಗುಮಾಸ್ತನಾಗಿದ್ದವನು. ಆ ಪದವನ್ನು ಸಾವಿರಾರು ಅರ್ಜಿಗಳ ಮೇಲೆ ಬರೆದ ಕೈ ಇದು. ಅದರ ಅರ್ಥ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೊರಗಿನಿಂದ ಬಂದಿರುವ ಬಂಧುಗಳಿಗೆ ನನ್ನ ಕಸುಬು ಏನೆಂದು ಹೇಳಿಬಿಡುತ್ತೇನೆ. ಇಲ್ಲಿ ಓದಲು ಬರುವವರು ನಿನ್ನೆ ಮೊನ್ನೆ ಶಾಲೆ ಬಿಟ್ಟವರಲ್ಲ. ಹತ್ತು ಹದಿನೈದು ವರ್ಷ ವಾರ್ಡುಗಳಲ್ಲಿ ಓಡಾಡಿದ ನರ್ಸುಗಳು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಔಷಧಶಾಸ್ತ್ರದ ಪುಸ್ತಕ ಹಿಡಿದು ಎರಡು ವರ್ಷ ಓದುತ್ತಾರೆ. ಆರುನೂರು ಗಂಟೆ ಆಸ್ಪತ್ರೆಯಲ್ಲಿ ಹಿರಿಯರ ಕಣ್ಗಾವಲಿನಲ್ಲಿ ರೋಗಿಗಳನ್ನು ನೋಡಿ, ಪ್ರತಿಯೊಂದಕ್ಕೂ ತರಬೇತಿ ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳುತ್ತಾರೆ. ಯಾಕೆ ಈ ಪಾಡು? ಇಷ್ಟು ದಿನ ಡಾಕ್ಟರು ಹೇಳಿದ್ದನ್ನು ಮಾಡುತ್ತಿದ್ದವರು ಇನ್ನು ಮುಂದೆ ತಾವೇ ಪರೀಕ್ಷಿಸಿ, ತಾವೇ ಯೋಚಿಸಿ, ಯಾವ ಟೆಸ್ಟು, ಯಾವ ಮಾತ್ರೆ ಎಂದು ನಿರ್ಧರಿಸಬೇಕು. ನಿಜವಾದ ರೋಗಿಯ ಮೇಲೆ ಅಂಥ ಪರೀಕ್ಷೆ ನಡೆಸಿದರೆ ರೋಗಿ ಎದ್ದು ಹೋಗುತ್ತಾನೆ, ಅಥವಾ ಹೊರಟೇ ಹೋಗುತ್ತಾನೆ. ಆದ್ದರಿಂದ ನನ್ನಂಥವರು.

ಒಂದು ಕೋಣೆ, ಒಂದು ಮಂಚ, ಒಂದು ಪರದೆ. ಮೂಲೆಯಲ್ಲಿ ಪರೀಕ್ಷಕರು. ಮಂಚದ ಮೇಲೆ ನಾನು. ಹಿಂದಿನ ದಿನವೇ ನನಗೊಂದು ಕಾರ್ಡು ಕೊಡುತ್ತಾರೆ. ಎಲ್ಲಿ ನೋವು, ಯಾವಾಗಿನಿಂದ, ಏನು ಕೇಳಿದರೆ ಏನು ಹೇಳಬೇಕು, ಎಲ್ಲವೂ ಅದರಲ್ಲಿರುತ್ತದೆ. ಗಂಟೆ ಹೊಡೆದರೆ ಒಬ್ಬರು ಒಳಗೆ ಬರುತ್ತಾರೆ. ಎಂಟು ನಿಮಿಷಕ್ಕೆ ಮತ್ತೆ ಗಂಟೆ, ಇನ್ನೊಬ್ಬರು. ಒಂದು ದಿನಕ್ಕೆ ಮೂವತ್ತು ಸಲ ನನಗೆ ಹೊಟ್ಟೆ ನೋಯಬೇಕು, ಮೂವತ್ತು ಸಲವೂ ಒಂದೇ ಅಳತೆಯಲ್ಲಿ ನೋಯಬೇಕು. ಅದು ಸುಲಭ ಎಂದುಕೊಂಡಿರಾ? ನಿಜವಾಗಿ ನೋಯುವವನಿಗೂ ಅದು ಸಾಧ್ಯವಿಲ್ಲ.

ಈ ಕೆಲಸವನ್ನು ನಾನು ಎಷ್ಟು ಪ್ರೀತಿಸಿದೆ ಎಂಬುದನ್ನು ಹೇಳದೆ ಮುಂದಿನದು ನಿಮಗೆ ಅರ್ಥವಾಗದು. ಕಚೇರಿಯ ನಾಟಕ ಸಂಘದಲ್ಲಿ ನಾನು ಇಪ್ಪತ್ತಾರು ವರ್ಷ ಪಾತ್ರ ಮಾಡಿದ್ದೇನೆ. ಇಪ್ಪತ್ತಾರು ವರ್ಷವೂ ಭಟನ ಪಾತ್ರ. "ಪ್ರಭು, ದೂತ ಬಂದಿದ್ದಾನೆ" ಎನ್ನುವುದು, ಒಳಗೆ ಹೋಗುವುದು. ಒಂದು ವರ್ಷ ದೂತನ ಪಾತ್ರ ಸಿಗುತ್ತದೆಂದು ಮನೆಯಲ್ಲೆಲ್ಲ ಹೇಳಿದ್ದೆ. ಆ ವರ್ಷ ದೂತ ಬರುವುದಿಲ್ಲ ಎಂದು ನಿರ್ದೇಶಕರು ಕಥೆಯನ್ನೇ ಬದಲಿಸಿದರು. ಅಂಥವನು ನಿವೃತ್ತನಾದ ಮೇಲೆ ಈ ಕಾಲೇಜಿಗೆ ಬಂದರೆ, ಕೋಣೆಯ ನಟ್ಟ ನಡುವೆ ನಾನು! ಎಲ್ಲರ ಕಣ್ಣೂ ನನ್ನ ಮೇಲೆ! ನಾನು ನರಳಿದರೆ ಬರೆದುಕೊಳ್ಳುತ್ತಾರೆ. ಕೆಮ್ಮಿದರೆ "ಎಷ್ಟು ದಿನದಿಂದ?" ಎಂದು ಕೇಳುತ್ತಾರೆ. ಮನೆಯಲ್ಲಿ ಕೆಮ್ಮಿದರೆ ಟೀವಿಯ ಸದ್ದು ಜಾಸ್ತಿ ಮಾಡುತ್ತಾರೆ. ಮೂರನೆಯ ಸಾಲಿನಲ್ಲಿ ಕುಳಿತು ನನ್ನ ಹೆಂಡತಿ ತಲೆ ಅಲ್ಲಾಡಿಸುತ್ತಿದ್ದಾಳೆ. ಜಾಸ್ತಿ ಮಾಡುತ್ತೀಯ, ಸುಮ್ಮನಿರು.

ಆದರೆ ಒಂದು ನಿಯಮವಿದೆ. ಸುಳ್ಳು ರೋಗಿಗೆ ನಿಜವಾದ ರೋಗ ಇರಕೂಡದು. ಇದ್ದರೆ ಪಟ್ಟಿಯಿಂದ ಹೆಸರು ಹೊಡೆಯುತ್ತಾರೆ. ಸರಿಯಾದ ನಿಯಮವೇ. ಅದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಈಗ ನಾಡಿಯ ಕಥೆಗೆ ಬರೋಣ. ಕಾರ್ಡು ಯಾವುದೇ ಇರಲಿ, ನನ್ನ ನಾಡಿ ಅದರಲ್ಲಿ ಎಪ್ಪತ್ತೆರಡು. ಇದು ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಹಿರಿಯರು ಕಿರಿಯರಿಗೆ ಕಿವಿಯಲ್ಲಿ ಹೇಳಿಹೋಗುತ್ತಾರೆ: "ಕಾಯಿಲೆ ಮಾವನ ನಾಡಿ ಎಪ್ಪತ್ತೆರಡು ಕಣೇ, ಟೈಮ್ ವೇಸ್ಟ್ ಮಾಡ್ಬೇಡ." ಕಾಯಿಲೆ ಮಾವ ಎಂದರೆ ನಾನೇ. ಈ ಹೆಸರು ನನಗೆ ಗೊತ್ತಿಲ್ಲ ಎಂದು ನೀವೆಲ್ಲ ಅಂದುಕೊಂಡಿದ್ದೀರಿ. ಪರೀಕ್ಷೆಯ ದಿನ ಇವರು ನನ್ನ ಮಣಿಕಟ್ಟು ಹಿಡಿಯುತ್ತಾರೆ, ಬಹಳ ಗಂಭೀರವಾಗಿ ಸೂರನ್ನು ನೋಡುತ್ತಾರೆ, ಹತ್ತು ಹದಿನೈದು ಸೆಕೆಂಡಿಗೆ ಕೈಬಿಟ್ಟು "ಎಪ್ಪತ್ತೆರಡು, ಲಯಬದ್ಧ" ಎನ್ನುತ್ತಾರೆ. ಒಬ್ಬ ಪುಣ್ಯಾತ್ಮ ಮಣಿಕಟ್ಟಿನ ಬದಲು ಗಡಿಯಾರದ ಪಟ್ಟಿಯನ್ನು ಹಿಡಿದುಕೊಂಡೇ ಎಪ್ಪತ್ತೆರಡು ಎಣಿಸಿದ್ದಾರೆ. ಅವರು ಈಗ ದೊಡ್ಡ ಆಸ್ಪತ್ರೆಯಲ್ಲಿದ್ದಾರೆ. ಯಾವುದೆಂದು ಮಾತ್ರ ಕೇಳಬೇಡಿ.

ಹೋದ ವರ್ಷದ ಅಂತಿಮ ಪರೀಕ್ಷೆ. ನನ್ನ ಕಾರ್ಡು ಹೊಟ್ಟೆಯುರಿ. ಹದಿನಾರನೆಯವರಾಗಿ ಒಬ್ಬರು ಬಂದರು. ಹದಿನೆಂಟು ವರ್ಷ ತೀವ್ರ ನಿಗಾ ಘಟಕದಲ್ಲಿ ದುಡಿದವರು. ಗೆಳತಿಯರು ಅವರನ್ನು ನಿಮಿಷದಕ್ಕ ಎನ್ನುತ್ತಾರೆ. ಯಾಕೆಂದರೆ ಯಾರ ನಾಡಿಯನ್ನೇ ಆಗಲಿ ಇಡೀ ಒಂದು ನಿಮಿಷ ಎಣಿಸುತ್ತಾರೆ. ನನ್ನ ನಾಡಿಯನ್ನೂ ಹಿಡಿದರು, ಹಿಡಿದೇ ಇದ್ದರು. ನನಗೆ ಕಸಿವಿಸಿ. ಆರನೆಯ ನಿಮಿಷಕ್ಕೆ ನನ್ನ ಬಳಿ ಒಂದು ಒಳ್ಳೆಯ ನರಳಿಕೆ ಇತ್ತು, ಇವರು ಹೀಗೆ ಎಣಿಸುತ್ತ ಕುಳಿತರೆ ಅದಕ್ಕೆ ಜಾಗವೇ ಇರುವುದಿಲ್ಲ. "ಬೇಗ ನೋಡಮ್ಮ, ಎಲ್ರೂ ಹದಿನೈದು ಸೆಕೆಂಡಲ್ಲಿ ಮುಗಿಸ್ತಾರೆ" ಎಂದು ಪಿಸುಗುಟ್ಟಿದೆ. ಕಾರ್ಡಿನಲ್ಲಿ ಇಲ್ಲದ ಮಾತು ಅದು.

"ಹದಿನೈದು ಸೆಕೆಂಡು ಯಾರ್ ಬೇಕಾದ್ರೂ ನೆಟ್ಟಗಿರ್ತಾರೆ ಯಜಮಾನ್ರೇ. ಒಂದು ನಿಮಿಷ ಇರೋದೇ ಕಷ್ಟ" ಎಂದರು ನಿಮಿಷದಕ್ಕ.

ಆಮೇಲೆ, "ಎದೆ ಹಾರ್ದಂಗೆ ಆಗುತ್ತಾ? ಮೆಟ್ಲು ಹತ್ತುವಾಗ ನಿಂತ್ಕೋಬೇಕು ಅನ್ಸುತ್ತಾ?" ಎಂದು ಕೇಳಿದರು. ಇಲ್ಲ ಎಂದೆ. ಕಾರ್ಡಿನಲ್ಲಿ ಹಾಗೇ ಇತ್ತು. ಅವರು ಪರೀಕ್ಷಕರ ಕಡೆ ತಿರುಗಿ, "ನಾಡಿಯ ಲಯ ತಪ್ಪುತ್ತಿದೆ, ಇಸಿಜಿ ಮಾಡಿಸಬೇಕು" ಎಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಪರೀಕ್ಷಕರು ಬಂದು ನನ್ನ ಕೈ ಹಿಡಿದು ನೋಡಿದರು. ಈ ರೋಗ ಬಂದು ಹೋಗಿ ಮಾಡುವಂಥದ್ದು. ಅವರು ಹಿಡಿದಾಗ ಹೋಗಿತ್ತು. ಅವರ ಕೈಯಲ್ಲಿದ್ದ ಪಟ್ಟಿಯ ಪ್ರಕಾರ, ಇಲ್ಲದ ಲಕ್ಷಣವನ್ನು ಇದೆ ಎಂದವರು ಅನುತ್ತೀರ್ಣ. ಅವರು ಬರೆದರು. ನನಗೂ ಹತ್ತರಲ್ಲಿ ಅಂಕ ಹಾಕುವ ಒಂದು ಹಾಳೆ ಇರುತ್ತದೆ. ನಾಲ್ಕು ಹಾಕಿದೆ. ನರಳಿಕೆಯ ಸಿಟ್ಟು.

ಇಲ್ಲಿಯವರೆಗೂ ನನ್ನದೇನೂ ತಪ್ಪಿಲ್ಲ ಎಂದು ನೀವು ಹೇಳಬಹುದು. ಪಾತ್ರ ಮಾಡಿದೆ, ಅಷ್ಟೆ. ಆದರೆ ನಿಮಿಷದಕ್ಕ ಮೇಲ್ಮನವಿ ಹಾಕಿದರು. ಮೂರು ಜನರ ಸಮಿತಿ ನನ್ನನ್ನು ಕರೆಸಿತು. ಅವತ್ತು ನನ್ನ ಕೈಯಲ್ಲಿ ಕಾರ್ಡು ಇರಲಿಲ್ಲ. "ನಿಮಗೆ ನಿಜವಾಗ್ಲೂ ಎದೆ ಬಡಿತದ ತೊಂದರೆ ಏನಾದ್ರೂ ಇದ್ಯಾ?" ಎಂದು ನೇರವಾಗಿ ಕೇಳಿದರು. ಇತ್ತು, ಸಭಿಕರೇ. ಐದು ತಿಂಗಳಿಂದ ಇತ್ತು. ಎರಡನೆಯ ಮಹಡಿಗೆ ಹೋಗುವಾಗ ಕಿಟಕಿಯ ಹತ್ತಿರ ನಿಂತು ಹೊರಗಿನ ನೋಟ ಸವಿಯುವವನ ಹಾಗೆ ಉಸಿರು ಎಳೆದುಕೊಳ್ಳುತ್ತಿದ್ದೆ. ಆ ಕಿಟಕಿಯ ಹೊರಗೆ ಇರುವುದು ನೀರಿನ ಟ್ಯಾಂಕು. ಇದೆ ಎಂದರೆ ಪಟ್ಟಿಯಿಂದ ಹೆಸರು ಹೋಗುತ್ತದೆ, ಮತ್ತೆ ಭಟನಾಗುತ್ತೇನೆ ಎಂದು ಹೆದರಿದೆ. "ಕಲ್ಲು ತಿಂದು ಕರಗಿಸ್ತೀನಿ ಸಾರ್" ಎಂದೆ. ಎದೆಯನ್ನು ಬೇರೆ ತಟ್ಟಿಕೊಂಡೆ. ಅವರು ನಕ್ಕರು. ನಿಮಿಷದಕ್ಕನ ಮನವಿ ವಜಾ ಆಯಿತು. ಇನ್ನೊಂದು ಅವಧಿಯ ತರಬೇತಿ, ಮತ್ತೆ ಮುನ್ನೂರು ಗಂಟೆ, ಮತ್ತೆ ಪರೀಕ್ಷೆ.

ಅಂದಿನಿಂದ ಕಾಲೇಜಿನಲ್ಲಿ ಯಾರಾದರೂ ಹೃದಯ ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. "ದಯವಿಟ್ಟು ಮುಗಿಸಿ" ಎಂದು ಬರೆದಿದ್ದಾರೆ. ಅಧ್ಯಕ್ಷರೇ, ತಮ್ಮ ಚೀಟಿ ಪರಿಶೀಲನೆಯಲ್ಲಿದೆ.

ಮೂರು ತಿಂಗಳಾದ ಮೇಲೆ ನನಗೆ ಹೊಸ ಕಾರ್ಡು ಬಂತು. ಪಾರ್ಶ್ವವಾಯು. ಇಂಥ ದೊಡ್ಡ ಪಾತ್ರ ಎಂದೂ ಸಿಕ್ಕಿರಲಿಲ್ಲ. ಎರಡು ದಿನ ಕನ್ನಡಿಯ ಮುಂದೆ ನಿಂತು ಬಾಯಿ ಸೊಟ್ಟ ಮಾಡಿ ಅಭ್ಯಾಸ ಮಾಡಿದೆ. ಮೂರನೆಯ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಲೋಟ ಕೈಯಿಂದ ಜಾರಿತು. ಬಾಯಿ ಒಂದು ಕಡೆಗೆ ಎಳೆಯಿತು. ಮಾತಾಡಲು ಹೋದರೆ ನಾಲಿಗೆ ತಿರುಗಲಿಲ್ಲ. ನನ್ನ ಹೆಂಡತಿ ಸ್ಟೂಲಿನ ಮೇಲೆ ಕುಳಿತು ನೋಡಿದಳು. "ನಿನ್ನೆಗಿಂತ ಪರವಾಗಿಲ್ಲ ರೀ. ಬಾಯಿ ಇನ್ನೂ ಸ್ವಲ್ಪ ಸೊಟ್ಟ ಆಗ್ಲಿ" ಎಂದಳು. ನಾನು ಕೈ ಎತ್ತಲು ಹೆಣಗಿದೆ. "ಹಾಂ, ಅದು ಚೆನ್ನಾಗಿದೆ. ಆದ್ರೆ ಲೋಟ ಯಾಕೆ ಒಡೀಬೇಕಿತ್ತು?" ಎಂದಳು.

ನಗಿ, ನಗಿ. ನಾನೂ ಈಗ ನಗುತ್ತೇನೆ. ಹತ್ತು ನಿಮಿಷ ಹಾಗೇ ನಡೆಯಿತು. ಅವಳಿಗೆ ಗೊತ್ತಾದದ್ದು ಹೇಗೆ ಎಂದು ಆಮೇಲೆ ಕೇಳಿದೆ. "ಎಷ್ಟೊತ್ತಾದ್ರೂ ನೀವು 'ಹೇಗಿತ್ತು?' ಅಂತ ಕೇಳ್ಲೇ ಇಲ್ವಲ್ಲ, ಆಗ ಜೀವ ಹಾರಿಹೋಯ್ತು" ಎಂದಳು.

ಇದೇ ಕಾಲೇಜಿನ ಆಸ್ಪತ್ರೆಗೆ ತಂದರು. ತುರ್ತು ಚಿಕಿತ್ಸೆಯ ಕೋಣೆಯಲ್ಲಿ ತಮ್ಮ ಮುನ್ನೂರು ಗಂಟೆಗಳನ್ನು ಸವೆಸುತ್ತಿದ್ದವರು ಯಾರು? ನಿಮಿಷದಕ್ಕ. ಮಂಚದ ಮೇಲೆ ನನ್ನನ್ನು ನೋಡಿ ಉಳಿದ ವಿದ್ಯಾರ್ಥಿಗಳು, "ಇವತ್ತೂ ಪ್ರಾಕ್ಟೀಸಾ ಮಾವ?" ಎಂದು ನಕ್ಕರು. ನಿಮಿಷದಕ್ಕ ನಗಲಿಲ್ಲ. ಬಂದು ಮಣಿಕಟ್ಟು ಹಿಡಿದರು. ಅದೇ ಒಂದು ನಿಮಿಷ. ಡಾಕ್ಟರನ್ನು ಕೂಗಿದರು, ಇಸಿಜಿಗೆ, ಸ್ಕ್ಯಾನಿಗೆ ಕಳಿಸಿದರು. ಇಸಿಜಿಯಲ್ಲಿ ಅದೇ ತಪ್ಪಿದ ಲಯ ಸಿಕ್ಕಿತು, ಹಾಗೆ ಲಯ ತಪ್ಪಿದ ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತವೇ ಮಿದುಳಿಗೆ ಹೋಗಿತ್ತಂತೆ. ದೇವರ ದಯೆ, ಅರ್ಧ ಗಂಟೆಯಲ್ಲಿ ಬಾಯಿ ನೆಟ್ಟಗಾಯಿತು, ಮಾತು ಬಂತು. ಆಗ ಅವರು ಹಾಳೆ ತೆಗೆದುಕೊಂಡು ಪಕ್ಕದಲ್ಲಿ ಕುಳಿತರು.

"ಈ ಎದೆ ಹಾರೋದು ಯಾವಾಗಿಂದ ಯಜಮಾನ್ರೇ?"

"ಎಂಟು ತಿಂಗ್ಳಿಂದ."

ಎಂಟರಲ್ಲಿ ಮೂರು ಕಳೆದರೆ ಎಷ್ಟೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಪೆನ್ನು ನಿಂತಿತು. ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು "ಎಂಟು ತಿಂಗಳು" ಎಂದು ಬರೆದರು. "ಮಾತ್ರೆ ಏನಾದ್ರೂ ತಗೋತಿದ್ರಾ?" ಎಂದು ಮುಂದಿನ ಪ್ರಶ್ನೆ ಕೇಳಿದರು. ನಾನು ಅತ್ತುಬಿಟ್ಟೆ. ಆ ಅಳು ಯಾವ ಕಾರ್ಡಿನಲ್ಲೂ ಇರಲಿಲ್ಲ.

ಇವತ್ತು ಅವರು ತಮಗಿಂತ ಕಿರಿಯರ ತಂಡದ ಜೊತೆ ಪದವಿ ಪಡೆಯಲು, ಎಡಗಡೆಯ ಕೊನೆಯ ಕುರ್ಚಿಯಲ್ಲಿ ಕುಳಿತಿದ್ದಾರೆ. ಅಂಕಪಟ್ಟಿಯಲ್ಲಿ "ಎರಡನೇ ಪ್ರಯತ್ನ" ಎಂದಿದೆ. ಆಸ್ಪತ್ರೆಯಲ್ಲಿ ಹೊಸದಾಗಿ ತೆರೆಯುವ ಹೃದ್ರೋಗಿಗಳ ಕ್ಲಿನಿಕ್ಕಿಗೆ ಮುಖ್ಯ ನರ್ಸ್ ಬೇಕಾಗಿದ್ದಾರೆ. ಬರುವ ವಾರ ಆಯ್ಕೆ. ಮೊದಲ ಪ್ರಯತ್ನದಲ್ಲೇ ಪಾಸಾದವರು ಮಾತ್ರ ಅರ್ಹರಂತೆ. ನಾಡಿ ಹಿಡಿಯದೆ ಎಪ್ಪತ್ತೆರಡು ಎಂದವರೆಲ್ಲ ಅರ್ಹರು. ಹಿಡಿದು ನೋಡಿದವರು ಅನರ್ಹರು. ಇದು ನ್ಯಾಯವೇ? ಇದನ್ನು ಕೇಳಲು ನನಗೆ ಯೋಗ್ಯತೆ ಇಲ್ಲ, ಆದರೆ ಮೈಕು ಇದೆ.

ಆ ದಿನ ಪರೀಕ್ಷಕರಾಗಿದ್ದ ಮೇಡಂ ಎರಡನೆಯ ಸಾಲಿನಲ್ಲಿದ್ದಾರೆ. ಅವರನ್ನು ದೂರುತ್ತಿಲ್ಲ. ಅವರು ಕೈಯಲ್ಲಿದ್ದ ಅಂಕದ ಪಟ್ಟಿ ನಂಬಿದರು, ಸಮಿತಿ ನನ್ನನ್ನು ನಂಬಿತು. ಸುಳ್ಳು ಹೇಳಿದವನು ನಾನೊಬ್ಬನೇ. ಇದನ್ನು ಈ ಹಾಲಿನಲ್ಲಿರುವ ನಾನೂರು ಜನ ಕೇಳಿಸಿಕೊಂಡಿದ್ದೀರಿ. ಇನ್ನು ಇದು ಫೈಲಿನೊಳಗೆ ಇರುವ ಸಂಗತಿಯಲ್ಲ. ನನ್ನ ಹೆಸರನ್ನು ಸುಳ್ಳು ರೋಗಿಗಳ ಪಟ್ಟಿಯಿಂದ ಈಗಲೇ ಹೊಡೆಯಿರಿ, ಅವರ ಅಂಕವನ್ನು ತಿದ್ದಿ.

ತಂಗಿ, ನಾನು ಹೆದರಿಕೊಂಡು ನಿಮ್ಮ ಒಂದು ವರ್ಷ ತಿಂದುಬಿಟ್ಟೆ. ಕ್ಷಮಿಸಿ ಎಂದು ಕೇಳುತ್ತೇನೆ. ಕ್ಷಮಿಸದಿದ್ದರೂ ನಿಮ್ಮ ಮೇಲೆ ಬೇಸರವಿಲ್ಲ.

ಅಯ್ಯೋ, ಪರೀಕ್ಷಕ ಮೇಡಂ ಎದ್ದುಬಿಟ್ಟರು. ಮೇಡಂ, ಬಾಗಿಲು ಆ ಕಡೆ. ಇಲ್ಲ, ಈ ಕಡೆಗೇ ಬರುತ್ತಿದ್ದೀರಾ? ಮೈಕು ಬೇಕೇ? ಬನ್ನಿ, ಬನ್ನಿ, ಮೆಟ್ಟಿಲು ನೋಡಿಕೊಂಡು ಹತ್ತಿ. ಸಭಿಕರೇ, ಅವರು ಏನು ಹೇಳುತ್ತಾರೋ ನನಗೆ ಗೊತ್ತಿಲ್ಲ. ಹನ್ನೊಂದು ವರ್ಷದಲ್ಲಿ ಮುಂದಿನ ಮಾತು ಏನೆಂದು ಗೊತ್ತಿಲ್ಲದೆ ಕಾಯುತ್ತಿರುವುದು ಇದೇ ಮೊದಲು. ಮೈಕಿನ ಕಂಬ ಹಿಡಿದುಕೊಂಡು ನಿಂತಿದ್ದೇನೆ. ಮೂರನೆಯ ಸಾಲಿನವಳೇ, ಇದು ಅಭಿನಯವಲ್ಲ ಕಣೇ, ಹಾಗೆಂದು ಓಡಿಬರಬೇಡ, ಮಾತ್ರೆ ನುಂಗಿದ್ದೇನೆ.

ಇಷ್ಟು ಹೊತ್ತು ಸಹಿಸಿದ ನಿಮಗೆಲ್ಲ ವಂದನೆ. ತಡೆಯಬಹುದಾಗಿದ್ದರೂ ತಡೆಯದ ಪ್ರಾಂಶುಪಾಲರಿಗೆ ಇನ್ನೊಂದು ವಂದನೆ. ಎಡಗಡೆಯ ಕೊನೆಯ ಕುರ್ಚಿಗೆ ನನ್ನ ನಮಸ್ಕಾರ.