ಎರಡು ಜೋರು, ಒಂದು ಮೆಲ್ಲಗೆ

ಇದು ಯಾರದೋ ಬಾಯಿಂದ ಕೇಳಿದ್ದಲ್ಲ. ನನ್ನ ದೊಡ್ಡಪ್ಪನ ಮಗ ಪಿಲ್ಸು ಅಣ್ಣನಿಗೆ ಆದದ್ದು. ದೀಪ ಬೇಕಾದರೆ ಹಾಗೇ ಇರಲಿ. ಕಾಲು ಮಾತ್ರ ನೆಲಕ್ಕೆ ತಾಗದ ಹಾಗೆ ಮೇಲೆ ಎತ್ತಿಕೊಂಡು ಕೂತುಕೊಳ್ಳಿ... ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ.

ಅಣ್ಣ ಇಂಚೋನ್ ನಗರದಲ್ಲಿ ಕಾರಿನ ಬಾಗಿಲು ತಯಾರಿಸುವ ಕಾರ್ಖಾನೆಯಲ್ಲಿದ್ದಾನೆ. ಪಾಳಿ ಕೆಲಸ. ಮದುವೆ ಆಗಿಲ್ಲ. ಒಂದು ರಾತ್ರಿ ಪಾಳಿ ಮುಗಿಸಿ ಒಬ್ಬನೇ ನಡೆದು ಬರುತ್ತಿದ್ದ. ಅವನ ಅಪಾರ್ಟ್‌ಮೆಂಟಿನ ಬುಡದಲ್ಲಿ ಒಂದು ಹಳೇ ಬಾವಿ ಇದೆ. ಕಟ್ಟಡ ಕಟ್ಟಿದವರು ಅದನ್ನು ತುಂಬಲಿಲ್ಲ, ಮೇಲೊಂದು ಕಾಂಕ್ರೀಟ್ ಚಪ್ಪಡಿ ಎಳೆದು ಬಿಟ್ಟರು. ಮಳೆಗಾಲದಲ್ಲಿ ಚಪ್ಪಡಿಯ ಕೆಳಗೆ ನೀರು ಗುಳುಕ್... ಗುಳುಕ್... ಅನ್ನುತ್ತಿರುತ್ತೆ.

ಬಾವಿ ದಾಟುವಾಗ ಅಣ್ಣ ತಲೆಯೆತ್ತಿದ. ಏಳನೇ ಮಹಡಿಯಲ್ಲಿ ಅವನ ಮನೆ, ಕತ್ತಲು. ಅದರ ಮೇಲಿನ ಮನೆಯಲ್ಲಿ ಬೆಳಕಿತ್ತು. ವೆರಾಂಡದ ಗಾಜಿಗೆ ಎರಡೂ ಅಂಗೈ ಒತ್ತಿಕೊಂಡು ಒಂದು ಮಗು ನಿಂತಿತ್ತು. ಕೆಳಗೆ ನೋಡುತ್ತಿತ್ತು. ಅವನನ್ನೇ.

"ಈ ಪಿಶಾಚಿ ಇನ್ನೂ ಮಲಗಿಲ್ಲ" ಅಂತ ಗೊಣಗಿದ.

ಆಗ ಆ ಮಗು ಬದುಕಿತ್ತು.

ಅಣ್ಣನಿಗೆ ಈ ಲೋಕದಲ್ಲಿ ಇದ್ದದ್ದು ಒಂದೇ ಆಸೆ, ಮನೆಯಲ್ಲೊಂದು ಸಿನಿಮಾ ಕೋಣೆ. ಅದನ್ನು ಮಾಡುವಾಗ ನಾನೂ ಕೈ ಹಾಕಿದ್ದೆ, ಕಾಲೇಜಿನಲ್ಲಿ ಓದಿದ್ದು ಭೌತಶಾಸ್ತ್ರ ಅಂತ. ಗೋಡೆಗೆ ಪರದೆ, ಸುತ್ತ ಸ್ಪೀಕರ್, ನಡುವೆ ಎರಡು ಒರಗು ಕುರ್ಚಿ. ಬಲಗಡೆಯದು ಅವನಿಗೆ, ಎಡಗಡೆಯದು ನಾನು ಹೋದಾಗ ನನಗೆ. ತಗ್ಗಿನ ಸದ್ದು ಗುಡುಗಿಸುವ ವೂಫರ್ ಮಾತ್ರ ಇಡಲಿಲ್ಲ. ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ವೂಫರ್ ಗುಡುಗಿದರೆ ಕೆಳಗಿನ ಮನೆಯವರ ಅನ್ನದ ಬಟ್ಟಲು ಅಲುಗುತ್ತೆ. ಅದರ ಬದಲು ಕುರ್ಚಿಗಳ ಅಡಿಗೆ ಒಂದೊಂದು ಶೇಕರ್ ಕೂರಿಸಿದೆವು. ಅಂಗೈ ಅಗಲದ ಕಬ್ಬಿಣದ ಬಿಲ್ಲೆ, ಸ್ಕ್ರೂ ಹಾಕಿ ಕುರ್ಚಿಯ ಚೌಕಟ್ಟಿಗೆ ಬಿಗಿಯುವುದು. ಪರದೆಯ ಮೇಲೆ ಬಾಂಬು ಸಿಡಿದರೆ ಅದು ಕುರ್ಚಿಯನ್ನು ನಡುಗಿಸುತ್ತೆ. ಕಿವಿಗೆ ಕೇಳುವುದು ಕಡಿಮೆ, ಬೆನ್ನುಮೂಳೆಗೆ ಗೊತ್ತಾಗುವುದೇ ಹೆಚ್ಚು.

ಆ ನಡುಕವೂ ನೆಲಕ್ಕೆ ಇಳಿಯಬಾರದು ಅಂತ ಕುರ್ಚಿಯ ಕಾಲುಗಳ ಕೆಳಗೆ ದಪ್ಪ ರಬ್ಬರ್ ಇಟ್ಟೆವು. ಯಾರಾದರೂ ಕೂತರೆ ರಬ್ಬರ್ ಸ್ವಲ್ಪ ಅದುಮಿಕೊಳ್ಳುತ್ತೆ, ಎದ್ದರೆ ಮತ್ತೆ ಉಬ್ಬುತ್ತೆ. ಇದು ನೆನಪಿರಲಿ.

ಅಂದರೆ ಅಣ್ಣ ಕೆಳಗಿನವರಿಗೆ ಒಂದು ಇರುವೆಯಷ್ಟೂ ತೊಂದರೆ ಕೊಡಲಿಲ್ಲ. ಅದಕ್ಕೇ ಮೇಲಿನವರ ಮೇಲೆ ಅವನಿಗೆ ಅಷ್ಟು ಸಿಟ್ಟು. ಸಿನಿಮಾ ಮೌನವಾಗುವ ಹೊತ್ತಿಗೆ ಸರಿಯಾಗಿ ತಲೆಯ ಮೇಲೆ ಧಡ್... ಧಡ್... ಟಕ್. ಆಮೇಲೆ ಪಟಪಟಪಟ ಓಟ.

ಇಲ್ಲಿ ಯಾರೂ ಮೇಲಿನ ಮನೆ ಬಾಗಿಲು ನೇರ ತಟ್ಟುವುದಿಲ್ಲ. ಗೋಡೆಯ ಇಂಟರ್‌ಫೋನ್‌ನಲ್ಲಿ ಗೇಟಿನ ಕಾವಲುಗಾರನಿಗೆ ಹೇಳಬೇಕು, ಅವನು ಮೇಲಕ್ಕೆ ಮುಟ್ಟಿಸುತ್ತಾನೆ. ಕಾವಲಿಗೆ ಇದ್ದದ್ದು ಪ್ಯೊ ಅಂತ ಒಬ್ಬ ಮುದುಕ.

"ಅಜ್ಜ, ಮೇಲಿನ ಮನೇಲಿ ಕುದುರೆ ಸಾಕಿದಾರಾ?"

"ಮಗು ಯಜಮಾನ್ರೇ. ಸೋಡಮ್ ಅಂತ. ಪಾಪ, ಕಿವಿ ಕೇಳಲ್ಲ ಅದಕ್ಕೆ."

"ಕಿವಿ ಕೇಳದಿದ್ರೆ ಕಾಲು ಯಾಕೆ ಅಷ್ಟು ಜೋರು?"

"ತನ್ನ ಸದ್ದು ತನಗೆ ಗೊತ್ತಾಗಲ್ವಲ್ಲ. ಅವರಮ್ಮನೂ ಕೂಗಿ ಕರೆಯೋ ಹಾಗಿಲ್ಲ, ನೆಲ ತುಳಿದು ಕರೀತಾಳೆ. ಎರಡು ಜೋರು, ಒಂದು ಮೆಲ್ಲಗೆ. ಮಗುವಿನ ಪಾದಕ್ಕೆ ತಿಳಿಯುತ್ತೆ. ಅದು ಅಂಗೈಲಿ ನೆಲ ತಟ್ಟುತ್ತೆ, ಬಂದೆ ಅಂತ. ಆಮೇಲೆ ಓಡುತ್ತೆ. ತಾಯಿ ಮಗು ಇಬ್ಬರೇ ಇರೋದು. ಸ್ವಲ್ಪ ಸಹಿಸ್ಕೊಳ್ಳಿ."

"ನನ್ನ ತಲೆ ಮೇಲೆ ತಂತಿ ಕಚೇರಿ ಇಟ್ಟಿದಾರೆ ಅನ್ನಿ."

"ಇಬ್ಬರಿಗೂ ದಪ್ಪ ಚಪ್ಪಲಿ ಹಾಕ್ಕೊಳ್ಳಿ ಅಂತೀನಿ."

"ಬೇಡ ಅಜ್ಜ" ಅಂದ ಅಣ್ಣ. "ನಂಗೆ ಬೇರೆ ಏನೋ ಹೊಳೀತು."

ಇಲ್ಲಿಂದ ಮುಂದಿನದು ಅವನು ಬಹಳ ದಿನಗಳ ಮೇಲೆ ನನ್ನ ಹತ್ತಿರ ಪಿಸುಗುಟ್ಟಿದ್ದು.

ಮೇಲಿನವರ ಮೇಲೆ ಸೇಡು ತೀರಿಸಲು ಸೂರಿಗೆ ಸ್ಪೀಕರ್ ಕಟ್ಟುವವರು ಈ ಊರಲ್ಲಿ ಇದ್ದಾರೆ. ಆದರೆ ಸ್ಪೀಕರಿನ ಸದ್ದು ಎಲ್ಲರಿಗೂ ಕೇಳುತ್ತೆ, ದೂರು ಬರುತ್ತೆ. ಅಣ್ಣ ಎಡಗಡೆಯ ಕುರ್ಚಿಯಿಂದ ಶೇಕರ್ ಬಿಚ್ಚಿದ. ಏಣಿ ಹಾಕಿ ವೆರಾಂಡದ ಸೂರಿಗೆ ಅದನ್ನು ಬಿಗಿದ. ಸಿನಿಮಾ ಕೋಣೆಯಿಂದ ಅತ್ಯಂತ ದೂರದ ಮೂಲೆ ಅದು. ಒಂದು ಹಲಗೆಯ ಮೇಲೆ ತನ್ನ ಹಿಮ್ಮಡಿಯಿಂದಲೇ ತುಳಿದು, ಆ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡ. ಧಡ್... ಧಡ್... ಟಕ್. ಆಮೇಲೆ ಗುಂಡಿ ಒತ್ತಿದ.

ಕೆಳಗೆ ಏನೂ ಕೇಳಲಿಲ್ಲ.

ಮೇಲೆ ಅಂಗೈಯ ಸದ್ದು. ಟಪ್ ಟಪ್ ಟಪ್. ಆಮೇಲೆ ಪಟಪಟಪಟ... ಅವನ ತಲೆಯ ಮೇಲಿಂದ ಹೊರಟು, ನಡುಮನೆ ದಾಟಿ, ವೆರಾಂಡದವರೆಗೆ. ಅಲ್ಲಿ ನಿಂತಿತು. ಬಹಳ ಹೊತ್ತು ಅಲ್ಲೇ ನಿಂತಿತ್ತು. ಅಷ್ಟು ಹೊತ್ತು ಅಣ್ಣ ನೆಮ್ಮದಿಯಾಗಿ ಸಿನಿಮಾ ನೋಡಿದ.

ಅದು ಅಭ್ಯಾಸವಾಯಿತು. ಓಟ ಶುರುವಾದರೆ ಗುಂಡಿ ಒತ್ತುವುದು. ಮಗು ವೆರಾಂಡಕ್ಕೆ ಹೋಗಿ ಅಮ್ಮನನ್ನು ಹುಡುಕುವುದು. ಚಳಿಗಾಲ ಬಂತು. ಮನೆಯೊಳಗಿನ ಹಾಗೆ ವೆರಾಂಡದ ನೆಲದಡಿ ಬೆಚ್ಚಗಿಡುವ ಬಿಸಿನೀರಿನ ಕೊಳವೆ ಇರುವುದಿಲ್ಲ, ಮಂಜಿನ ಹಾಗೆ ಕೊರೆಯುತ್ತೆ. ಆದರೂ ಕರೆದಾಗಲೆಲ್ಲ ಹೋಗುತ್ತಿತ್ತು.

ಒಂದು ದಿನ ಗೇಟಿನ ಹತ್ತಿರ ಪ್ಯೊ ಅಜ್ಜ ಸಿಕ್ಕಿದ.

"ಈಗ ಸದ್ದು ಕಡಿಮೆ ಆಗಿರಬೇಕಲ್ಲ ಯಜಮಾನ್ರೇ?"

"ಆಗಿದೆ ಅಜ್ಜ. ಏನು ಮಾಡಿದ್ರು?"

"ಏನಿಲ್ಲ. ಆ ಮಗು ಸುಳ್ಳು ಕಲಿತಿದೆ ಅಂತೆ. ಅಮ್ಮ ಕರೆದ್ಲು ಅಂತ ಬರುತ್ತೆ, ಇವಳು ಕರೆದೇ ಇರಲ್ಲ. ಮೊನ್ನೆ ಕೈ ಮೇಲೆ ಬಾರಿಸಿದ್ಲಂತೆ. ಕರೆದ್ಲು, ಕರೆದ್ಲು ಅಂತ ಕೈ ಸನ್ನೆ ಮಾಡ್ತಾನೇ ಇತ್ತಂತೆ ಅಳ್ತಾ. ನನ್ನ ಹತ್ತಿರ ಹೇಳ್ಕೊಂಡು ತಾನೂ ಅತ್ತಳು."

"ಮಕ್ಕಳು ಹಾಗೇ ಅಜ್ಜ" ಅಂದ ಅಣ್ಣ. ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ನಕ್ಕ. ನಕ್ಕೆ ಅಂತ ಅವನೇ ಹೇಳಿದ.

ಚಳಿ ಕಳೆಯುತ್ತಾ ಬಂದಿತ್ತು. ಒಂದು ಸಂಜೆ ಮೇಲಿನ ಮನೆಯಿಂದ ಬಂಗುಡೆ ಮೀನು ಸುಡುವ ವಾಸನೆ ಇಳಿದು ಬಂತು. ಮೀನು ಸುಟ್ಟಾಗ ಹೊಗೆ ಹೋಗಲಿ ಅಂತ ವೆರಾಂಡದ ಕಿಟಕಿ ತೆಗೆದಿಡುತ್ತಾರೆ. ಅದು ಅಣ್ಣನಿಗೂ ಗೊತ್ತು, ಅವನೂ ಹಾಗೇ ಮಾಡುತ್ತಾನೆ. ಪರದೆಯ ಮೇಲೆ ಯುದ್ಧ ಶುರುವಾಗುವುದರಲ್ಲಿತ್ತು. ಮೇಲೆ ಓಟ ಶುರುವಾಯಿತು. ಗುಂಡಿ ಒತ್ತಿದ. ಸಾಲದು ಅಂತ, ತಾನಾಗಿಯೇ ಮತ್ತೆ ಮತ್ತೆ ಕರೆಯುವ ಹಾಗೆ ಮಾಡಿ ಬಿಟ್ಟ.

ಧಡ್... ಧಡ್... ಟಕ್.

ಟಪ್ ಟಪ್ ಟಪ್. ಪಟಪಟಪಟ.

ಕರೆ ಬರುತ್ತಿದ್ದದ್ದು ಕೆಳಗಿನಿಂದ. ಅದನ್ನು ಪಾದ ಸರಿಯಾಗಿಯೇ ತಿಳಿದುಕೊಂಡಿತ್ತು. ವೆರಾಂಡದಲ್ಲಿ ಕಿಮ್ಚಿ ಉಪ್ಪಿನಕಾಯಿಯ ದೊಡ್ಡ ಖಾಲಿ ಡಬ್ಬ ಇತ್ತು. ಅದನ್ನು ಎಳೆದ ಸದ್ದು ಅಣ್ಣನಿಗೆ ಕೇಳಿತು, ಕರ್ರ್... ಅಂತ. ಮಗು ಡಬ್ಬದ ಮೇಲೆ ಹತ್ತಿ, ಕರೆಯುತ್ತಿರುವವರು ಯಾರು ಅಂತ ಕೆಳಗೆ ಬಗ್ಗಿ ನೋಡಿತು.

ಅಣ್ಣನ ಕುರ್ಚಿ ಒಮ್ಮೆ ತುಂಬ ಆಳವಾಗಿ ನಡುಗಿತು. ಧಂ... ಅಂತ, ಟೊಳ್ಳು ಸದ್ದು. ಅವನಿಗೆ ಖುಷಿಯಾಯಿತು. ಇಂಥ ಗುಡುಗು ಈ ಕುರ್ಚಿಯಲ್ಲಿ ಹಿಂದೆ ಬಂದಿರಲಿಲ್ಲ.

ಅದು ಸಿನಿಮಾದಲ್ಲಿ ಇರಲಿಲ್ಲ. ಬಾವಿಯ ಚಪ್ಪಡಿ.

ಅಡಿಗೆಮನೆಯಲ್ಲೇ ಇದ್ದ ತಾಯಿಗೆ ಗೊತ್ತಾಗಿದ್ದು ಕೆಳಗೆ ಜನ ಕೂಗಿದಾಗ. ಪೊಲೀಸರು ಬಂದರು, ತೆರೆದ ಕಿಟಕಿ ನೋಡಿದರು, ಡಬ್ಬ ನೋಡಿದರು, ತಾಯಿಯನ್ನು ಪ್ರಶ್ನೆ ಮಾಡಿದರು. ಕೆಳಗಿನ ಮನೆಯ ಸೂರನ್ನು ಯಾರು ನೋಡುತ್ತಾರೆ? ಅಣ್ಣ ಶೇಕರ್ ಬಿಚ್ಚಿ, ತೂತಿಗೆ ಬಿಳಿ ಸುಣ್ಣ ಮೆತ್ತಿ, ಅದನ್ನು ಎಡಗಡೆಯ ಕುರ್ಚಿಗೆ ವಾಪಸ್ ಬಿಗಿದ.

ಆಮೇಲೆ ದಿನಾ ರಾತ್ರಿ ಮೇಲಿನ ಮನೆಯಲ್ಲಿ ತಾಯಿ ನೆಲ ತುಳಿಯುತ್ತಿದ್ದಳು. ಎರಡು ಜೋರು, ಒಂದು ಮೆಲ್ಲಗೆ. ಸ್ವಲ್ಪ ತಡೆದು ಮತ್ತೆ. ಉತ್ತರ ಇರುತ್ತಿರಲಿಲ್ಲ.

ಅಣ್ಣ ಆ ಕೋಣೆಗೆ ಹೋಗುವುದನ್ನು ಬಿಟ್ಟಿದ್ದ. ಒಂದು ಸಂಜೆ ಪೊರಕೆ ಹಿಡಿದು ಒಳಗೆ ಹೋದ. ಪರದೆಯ ಮೇಲಿನ ಧೂಳು ಹೊಡೆಯಲು ಸ್ಟೂಲು ಹತ್ತಿದ್ದವನು ಇಳಿಯುವಾಗ ಹಿಮ್ಮಡಿ ನೆಲಕ್ಕೆ ಬಡಿಯಿತು. ಧಡ್, ಧಡ್. ಸಮತೋಲ ಸಿಕ್ಕಿ ಇನ್ನೊಂದು ಹೆಜ್ಜೆ... ಟಕ್.

ಎಡಗಡೆಯ ಕುರ್ಚಿಯಿಂದ... ಟಪ್ ಟಪ್ ಟಪ್.

ಮಾರನೇ ದಿನ ನನಗೆ ಫೋನ್ ಮಾಡಿದ. "ಬಾ" ಅಂದ, ಅಷ್ಟೇ. ಹೋದೆ. ಆ ರಾತ್ರಿಯೇ ಎಲ್ಲ ಹೇಳಿದ.

"ತಂತಿ ಎಲ್ಲೋ ತಾಗ್ತಿದೆ ಅಣ್ಣ" ಅಂದೆ.

"ಹಾಗಾದ್ರೆ ಬಿಚ್ಚು."

ಬಿಚ್ಚಿದೆ. ಆಂಪ್ಲಿಫೈಯರಿನ ಪ್ಲಗ್ ಕಿತ್ತೆ. ಶೇಕರನ್ನೇ ತೆಗೆದು ಹೊರಗಿನ ಕಾರಿಡಾರಿನಲ್ಲಿ ಇಟ್ಟು ಬಂದೆ. ಕುರ್ಚಿಯ ಮೇಲೆ ಅಂಗೈ ಇಟ್ಟು, ನಾನೇ ನೆಲ ತುಳಿದೆ. ಎರಡು ಜೋರು, ಒಂದು ಮೆಲ್ಲಗೆ.

ಏನೂ ಇಲ್ಲ.

"ನೋಡಿದ್ಯಾ? ಸುಮ್ನೆ ಭ್ರಮೆ."

"ನೀನು ಕರೆದ್ರೆ ಬರಲ್ಲ ಕಣೋ" ಅಂತ ಪಿಸುಗುಟ್ಟಿದ. ಆಮೇಲೆ ಅವನು ತುಳಿದ.

ನನ್ನ ಅಂಗೈಯ ಕೆಳಗೆ, ಚರ್ಮದ ಹೊದಿಕೆಯ ಒಳಗಿನಿಂದ, ಮೂರು ಸಲ ತಟ್ಟಿತು. ಸಣ್ಣ ಕೈ.

ತಾಯಿ ಬಂದದ್ದು ಅದಾಗಿ ಕೆಲವು ದಿನಕ್ಕೆ. ಆ ದಿನವೂ ನಾನು ಅಲ್ಲಿದ್ದೆ. ಕೈಯಲ್ಲಿ ಪೇರು ಹಣ್ಣಿನ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮನೆ ಖಾಲಿ ಮಾಡುವ ಮೊದಲು ಕೆಳಗಿನವರಿಗೆ ಹಣ್ಣು ಕೊಟ್ಟು ಕ್ಷಮೆ ಕೇಳಲು ಬಂದದ್ದು.

"ಇಷ್ಟು ದಿನ ನಮ್ಮಿಂದ ತುಂಬ ತೊಂದರೆ ಆಯ್ತು ನಿಮಗೆ" ಅಂದಳು. "ಈಗಲೂ ರಾತ್ರಿ ಹೊತ್ತು ಕಾಲು ತಾನಾಗೇ ತುಳಿಯುತ್ತೆ. ಕ್ಷಮಿಸಿ."

"ಪರವಾಗಿಲ್ಲ... ಪರವಾಗಿಲ್ಲ ಸೋಡಮ್‌ ಅಮ್ಮ."

ಅವಳು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು. ಬರಿಗಾಲು. ಅಣ್ಣ ಹೆದರಿ ಹಿಂದಕ್ಕೆ ಸರಿದ. ಹಿಮ್ಮಡಿ ಹೊಸಿಲಿಗೆ ಎಡವಿ, ಅವನು ತತ್ತರಿಸಿದ. ಧಡ್, ಧಡ್... ಟಕ್.

ಟಪ್ ಟಪ್ ಟಪ್.

ಅವಳು ತನ್ನ ಪಾದ ನೋಡಿಕೊಂಡಳು. ಹಣ್ಣಿನ ಪೆಟ್ಟಿಗೆಯನ್ನು ನೆಲಕ್ಕಿಟ್ಟಳು. ನಮ್ಮಿಬ್ಬರನ್ನೂ ದಾಟಿ ನೇರ ಆ ಕೋಣೆಗೆ ನಡೆದಳು, ದಾರಿ ಗೊತ್ತಿರುವವಳ ಹಾಗೆ. ಎಡಗಡೆಯ ಕುರ್ಚಿಯ ಮುಂದೆ ಮೊಣಕಾಲೂರಿ ಅಂಗೈ ಇಟ್ಟಳು. ಇನ್ನೊಂದು ಕೈಯಿಂದ ನೆಲಕ್ಕೆ ಬಡಿದು ಕರೆದಳು. ಎರಡು ಜೋರು, ಒಂದು ಮೆಲ್ಲಗೆ. ಕರೆದಳು, ಕರೆದಳು. ಗೆಣ್ಣಿನ ಚರ್ಮ ಸುಲಿಯಿತು.

ಬರಲಿಲ್ಲ.

ಬಹಳ ಹೊತ್ತಾದ ಮೇಲೆ ತಿರುಗಿ ಅಣ್ಣನ ಕಾಲನ್ನು ನೋಡಿದಳು. ಆಮೇಲೆ ಬಾಗಿಲಾಚೆ, ವೆರಾಂಡದ ಸೂರನ್ನು. ಸುಣ್ಣ ಮೆತ್ತಿದ ಜಾಗ ಉಳಿದ ಸೂರಿಗಿಂತ ಬೆಳ್ಳಗಿತ್ತು.

"ಅವಳು ಸುಳ್ಳು ಹೇಳಿರಲಿಲ್ಲ" ಅಂದಳು.

ಅಣ್ಣ ಸೂರಿನ ಕಡೆಯಿಂದ ಕಣ್ಣು ತಪ್ಪಿಸಿದ.

"ನಾನು ಹೊಡೆದೆ" ಅಂದಳು ತಾಯಿ.

"ಪೊಲೀಸರಿಗೆ..." ಅಂತ ನಾನು ಶುರು ಮಾಡಿದೆ.

"ಇವರನ್ನ ಕರ್ಕೊಂಡು ಹೋದ್ರೆ ಆಮೇಲೆ ಯಾರು ಕರೀತಾರೆ?" ಅಂದಳು ಅವಳು, ನನ್ನ ಕಡೆ ತಿರುಗದೆ. ಆಮೇಲೆ ಅಣ್ಣನಿಗೆ, ತುಂಬ ಮೆಲ್ಲಗೆ, "ಕರೀರಿ" ಅಂದಳು.

ಅವಳು ಮನೆ ಖಾಲಿ ಮಾಡಲಿಲ್ಲ. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಇಳಿದು ಬರುತ್ತಾಳೆ. ಅಣ್ಣ ಪಾಳಿ ಬದಲಾಯಿಸಿಕೊಂಡಿದ್ದಾನೆ. ಜ್ವರ ಬಂದರೂ ಬಿಡುವಂತಿಲ್ಲ. ಅವನ ಹಿಮ್ಮಡಿಯ ಎಲುಬು ಬಿರುಕು ಬಿಟ್ಟಿದೆ ಅಂತ ಡಾಕ್ಟರು ಪಟ್ಟಿ ಹಾಕಿದರು, ಅವಳು ಪಟ್ಟಿ ಬಿಚ್ಚಿಸಿದಳು. ಪಟ್ಟಿಯ ಮೇಲೆ ತುಳಿದರೆ ಕರೆ ಮೆತ್ತಗಾಗುತ್ತೆ, ಮಗುವಿಗೆ ತಿಳಿಯಲ್ಲ ಅಂತ. ಅವನು ಅಳುತ್ತಾ ತುಳಿಯುತ್ತಾನೆ. ಅವಳು ಅವನ ಕಡೆ ನೋಡುವುದಿಲ್ಲ. ಅಂಗೈ ಇಟ್ಟುಕೊಂಡು ಕೂತಿರುತ್ತಾಳೆ. "ಇನ್ನೊಂದು ಸಲ" ಅನ್ನುತ್ತಾಳೆ.

ಅವಳು ಕೂರುವುದು ನೆಲದ ಮೇಲೆ. ಒಮ್ಮೆ ನಾನೇ ಎಡಗಡೆಯ ಕುರ್ಚಿ ತೋರಿಸಿ "ಮೇಲೆ ಕೂತ್ಕೊಳ್ಳಿ ಅಮ್ಮ" ಅಂದೆ. ನಾನೇನೋ ಹೇಳಬಾರದ್ದು ಹೇಳಿದ ಹಾಗೆ ನನ್ನ ಮುಖ ನೋಡಿದಳು.

ಅವಳು ಹೋದ ಮೇಲೆ ನಾನು ಅಳತೆ ಪಟ್ಟಿ ತಂದು ಬಗ್ಗಿದೆ. ಬಲಗಡೆಯ ಕುರ್ಚಿಯ ರಬ್ಬರ್ ಉಬ್ಬಿಕೊಂಡಿತ್ತು, ಇರಬೇಕಾದಷ್ಟೇ. ಎಡಗಡೆಯದು ಅದುಮಿಕೊಂಡಿತ್ತು. ಕುರ್ಚಿ ಖಾಲಿ. ರಬ್ಬರ್ ಹಳತಾಗಿದೆ ಅಂತ ಹೊಸದು ತಂದು ಹಾಕಿದೆ. ಕೈ ಬಿಟ್ಟ ತಕ್ಷಣ ಅದೂ ಅಷ್ಟೇ ಅದುಮಿಕೊಂಡಿತು.

ನಂಬದಿದ್ದರೆ ಬಿಡಿ. ಅಳತೆ ಪಟ್ಟಿ ನನ್ನದು, ಅಳೆದದ್ದು ನಾನು. ಈ ವರ್ಷ ಹಬ್ಬಕ್ಕೆ ಹೋದಾಗ ಮತ್ತೆ ಅಳೆದೆ. ಹೋದ ವರ್ಷಕ್ಕಿಂತ ಸ್ವಲ್ಪ ಹೆಚ್ಚು ಅದುಮಿಕೊಂಡಿದೆ. ಆ ವಯಸ್ಸಿನ ಮಕ್ಕಳ ತೂಕ ಒಂದು ವರ್ಷದಲ್ಲಿ ಎಷ್ಟು ಏರುತ್ತೆ ಅಂತ ವಿಚಾರಿಸಿ ನೋಡಿದೆ...

ಲೆಕ್ಕ ಸರಿಹೋಯಿತು.