ಮಾತ್ರೆ ಬಿಟ್ಟ ನಾಲ್ಕು ದಿನ

...ಏಳಬೇಡ, ಮಲಗು! ಎದೆ ತುಂಬ ವೈರು ಅಂಟಿಸಿದಾರೆ, ಕಾಣಲ್ವಾ? ಏನು ನಗ್ತೀಯ? ನಗೋ ಮುಖ ನೋಡು! ಅಗ್ನಿಶಾಮಕ ದಳದಲ್ಲಿ ಇಪ್ಪತ್ತು ವರ್ಷ ಸವೆಸಿದೋನು... ಬೆಂಕಿ ಇಲ್ಲ, ಹೊಗೆ ಇಲ್ಲ, ಬರೀ ಒಂದು ಪರೀಕ್ಷೆಗೆ ಪೈಪು ಹೊತ್ಕೊಂಡು ಮೆಟ್ಟಿಲು ಹತ್ತೋವಾಗ ದೊಪ್ಪಂತ ಬಿದ್ದೆ! ಅದೂ ನಾಲ್ಕನೇ ಮಹಡೀಲಿ!

ಯಾಕೋ ಬಿಟ್ಟೆ ಮಾತ್ರೇನ? ಹೇಳು! ಹೃದಯದ ಮಾತ್ರೆ ಕಣೋ ಅದು, ನೆಗಡಿದಲ್ಲ!

ಈಗ ತಾನೆ ಡಾಕ್ಟರಮ್ಮ ನನ್ನ ನಿಲ್ಲಿಸ್ಕೊಂಡು ಪಾಠ ಮಾಡಿದ್ರು. ಆ ಮಾತ್ರೆ ತಗೊಂಡ್ರೆ ಎಷ್ಟೇ ಓಡಿದ್ರೂ ನಿನ್ನ ನಾಡಿ ನೂರಹತ್ತು ದಾಟೋದೇ ಕಷ್ಟವಂತೆ. ಕಾಲು ಭಾರ ಆಗುತ್ತಂತೆ, ಬೇಗ ಸುಸ್ತಾಗುತ್ತಂತೆ. ಅದು ಕೈಲಾಗದತನ ಅಲ್ಲ ಕಣೋ! ಬಡಿತ ಕಮ್ಮಿಯಾದ್ರೂ ಒಂದೊಂದು ಬಡಿತಕ್ಕೂ ಹೃದಯ ತುಂಬ್ಕೊಂಡು ಜಾಸ್ತಿ ರಕ್ತ ತಳ್ಳುತ್ತಂತೆ. ಅದರ ಪಾಡಿಗೆ ಅದು ನಿನ್ನ ಕಾಯ್ತಾ ಇತ್ತು! ದಿಢೀರಂತ ನಿಲ್ಲಿಸಿದ್ರೆ ಹಗ್ಗ ಕಿತ್ತ ಹೋರಿ ಥರ ಎದೆ ನುಗ್ಗುತ್ತೆ... ಹಂಗೇ ಆಯ್ತಲ್ಲ!

ಆ ಕಡೆ ಯಾಕೆ ತಿರುಗ್ತೀಯ? ಅಣ್ಣ ಮಾತಾಡ್ತಿದೀನಿ, ನೋಡು ಇಲ್ಲಿ!

ಹೊರಗೆ ನಿನ್ನ ಹೆಂಡತಿ ಬೆಂಚಿನ ಮೇಲೆ ಕೂತಿದಾಳೆ. 'ಭಾವ, ಮಾತ್ರೆ ಬಿಡಿ ಅಂತ ಇವರಿಗೆ ಹೇಳಿದ್ಯಾರು?' ಅಂದ್ಲು. ನನಗೇನು ಗೊತ್ತಮ್ಮ ಅಂದೆ. ಹೌದು, ಅಂದೆ! ಮತ್ತೇನು ಹೇಳ್ಬೇಕಿತ್ತು?

...ಹಂಗೆ ನೋಡಬೇಡ. ನೋಡಬೇಡ ಅಂದ್ನಲ್ಲ!

ನಾನೇನು ನಿನ್ನ ಬಾಯಿಂದ ಕಿತ್ಕೊಂಡ್ನಾ? ಅವತ್ತು ನಿಮ್ಮ ಅಭ್ಯಾಸ ನೋಡೋಕೆ ನಾನೂ ಬಂದಿದ್ದೆ. ಎಲ್ಲರೂ ಹತ್ತಿ ಇಳಿದ್ರು, ನೀನು ಎರಡನೇ ಮಹಡೀಲಿ ಕಂಬಿ ಹಿಡ್ಕೊಂಡು ನಿಂತಿದ್ದೆ. ಕಿಸಕ್ಕಂತ ನಕ್ಕರು. ಅದೇ ಠಾಣೇಲಿ ಮೂವತ್ತು ವರ್ಷ ತಲೆ ಎತ್ಕೊಂಡು ದುಡಿದು ನಿವೃತ್ತಿ ಆದೋನು ನಾನು! ನನ್ನ ತಮ್ಮನ್ನ ನೋಡಿ ನಗೋದಾ? ಮೈ ಉರಿದುಹೋಯ್ತು. ಒಂದು ಮಾತು ಅಂದೆ. ಆ ಮಾತ್ರೆಯಿಂದಾನೇ ಸುಸ್ತು, ಪರೀಕ್ಷೆ ಮುಗಿಯೋ ತನಕ ನಾಲ್ಕು ದಿನ ಬಿಡೋ, ಪ್ರಾಣ ಏನೂ ಹೋಗಲ್ಲ ಅಂದೆ...

ಸರಿ! ಮಾತ್ರೆ ಡಬ್ಬೀನೂ ನಾನೇ ಜೇಬಿಗೆ ಹಾಕ್ಕೊಂಡೆ. 'ಕೊಡಣ್ಣ' ಅಂತ ಎರಡು ಸಲ ಕೇಳಿದೆ ನೀನು. ಕೊಡಲಿಲ್ಲ. ಆಯ್ತಾ?

ಆದ್ರೆ ಡಾಕ್ಟರಮ್ಮನ ಹತ್ರ 'ನಾನೇ ಮರೆತೆ' ಅಂದ್ಯಂತಲ್ಲ! ಯಾಕೋ? ಯಾರು ಕೇಳಿದ್ರು ನಿನ್ನ ಉಪಕಾರಾನ? ಬೈಯೋ ನನ್ನ! ಒಂದು ಸಲ ಬೈದುಬಿಡೋ...

ಕೈ ಬಿಡು. ಬಿಡೋ ಕೈನ... ಆಚೆ ಹೋಗಿ ಅವಳಿಗೆ ಹೇಳ್ಬೇಕು ನಾನು.