ಫೇರೋ ಆಳಿದ್ದು ಎಷ್ಟು ವರ್ಷ?

ಬಸ್ಸಿನ ಕಿಟಕಿ ಪಕ್ಕ ಕೂತಿದ್ದ ದರ್ಜಿಗೆ ಹಿಂದಿನ ಸೀಟಿನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಮ್ಯೂಸಿಯಂನಲ್ಲಿ ಕೆಲಸ ಮಾಡುವ ಅಕ್ಕ, ಬೋರ್ಡು ಬರೆಯುವ ತಮ್ಮ.

“ಅಕ್ಕಾ, ಆ ಈಜಿಪ್ಟಿನ ಫೇರೋ ಎಷ್ಟು ವರ್ಷ ಆಳಿದ ಅಂತ ಬರೀಲಿ? ಮ್ಯೂಸಿಯಂ ಬಾಗಿಲು ತೆಗೆಯೋಕೆ ಇನ್ನೊಂದೇ ಗಂಟೆ ಇರೋದು.”

“ಅದೇ ಗೊತ್ತಾಗ್ತಿಲ್ಲ ಕಣೋ. ದ್ರಾಕ್ಷಾರಸದ ಜಾಡಿಗಳ ಮೇಲೆ, ರಾಜ ಪಟ್ಟಕ್ಕೆ ಬಂದು ಎಷ್ಟನೇ ವರ್ಷ ಅಂತ ಬರೆದಿರ್ತಾರೆ. ಇವನದ್ದು ಒಂಬತ್ತರಿಂದಾಚೆ ಒಂದೂ ಸಿಕ್ಕಿಲ್ಲ.”

“ಹಾಗಾದ್ರೆ ಒಂಬತ್ತು.”

“ಹತ್ತನೇ ವರ್ಷದ ಜಾಡಿ ಒಡೆದು ಹೋಗಿರಬಹುದಲ್ಲ?”

“ಸರಿ, ಹತ್ತು.”

“ಮೊದಲ ನಾಲ್ಕು ವರ್ಷ ಅವರಪ್ಪನೂ ಸಿಂಹಾಸನದ ಮೇಲೇ ಇದ್ದ ಅಂತಾರೆ. ಅದನ್ನು ಕಳೆದ್ರೆ?”

ದರ್ಜಿ ಬೆರಳು ಮಡಿಸಿ ಎಣಿಸತೊಡಗಿದ್ದವನು ಲೆಕ್ಕ ತಪ್ಪಿ ಕೈಬಿಟ್ಟ.

“ನನ್ನ ತಲೆ ಗಿರ್ರಂತಿದೆ ಅಕ್ಕಾ. ನೀನು ಬರೆದ ಪುಸ್ತಕದಲ್ಲಿ ಹದಿನಾಲ್ಕು ಅಂತಿದೆಯಲ್ಲ?”



“ಎಷ್ಟೋ ಕಾಲದ ಮೇಲೆ ಯಾರೋ ಮಾಡಿದ ಪಟ್ಟಿ ನಂಬಿ ಬರೆದೆ. ಮ್ಯೂಸಿಯಂ ನೋಡೋಕೆ ಬರೋ ಮಕ್ಕಳಿಗೂ ಇಪ್ಪತ್ತು ವರ್ಷ ಅದನ್ನೇ ಹೇಳಿದೆ.”

“ಹದಿನಾಲ್ಕೇ ಇರಲಿ ಬಿಡು. ಯಾರು ಬಂದು ಕೇಳ್ತಾರೆ?”

“ನಾನು ದಿನಾ ಆ ಬೋರ್ಡಿನ ಮುಂದೆ ಓಡಾಡಬೇಕಲ್ಲೋ.”

ಬಸ್ಸು ನಿಂತಿತು. ತಮ್ಮ ಬಣ್ಣದ ಡಬ್ಬಿ ಎತ್ತಿಕೊಂಡ.

“‘ಕನಿಷ್ಠ ಒಂಬತ್ತು ವರ್ಷ, ಸರಿಯಾಗಿ ಗೊತ್ತಿಲ್ಲ’ ಅಂತ ಬರಿ. ಕೆಳಗೆ, ‘ಹದಿನಾಲ್ಕು ಅಂದಿದ್ದು ನನ್ನ ತಪ್ಪು’ ಅಂತ ನನ್ನ ಹೆಸರು ಹಾಕು,” ಎಂದಳು ಅಕ್ಕ.

“ಆ ತಪ್ಪಿನ ಸಾಲನ್ನ ಸಣ್ಣಕ್ಷರದಲ್ಲಿ ಬರೀಲಾ?”

ಅಕ್ಕ ಆಗಲೇ ಮೆಟ್ಟಿಲಿಳಿಯುತ್ತಿದ್ದಳು. “ಎರಡೂ ಸಾಲು ಒಂದೇ ಅಳತೇಲಿ ಇರಲಿ,” ಎಂದಳು.